ಮಂಡಕ್ಕಿಗೆ ಹೊಗೆ ಹಾಕಿದ ದಿನ

ಹೆರಿಗೆಗೆ ಇನ್ನು ಇಪ್ಪತ್ತೇ ದಿನ ಉಳಿದಿತ್ತು. ತೊಟ್ಟಿಲು ಬಂದಾಗಿತ್ತು. ಹಳೇ ವಾಯಿಲ್ ಸೀರೆಗಳನ್ನು ಹರಿದು, ಒಗೆದು, ಮಡಿಸಿಟ್ಟಾಗಿತ್ತು. ಹುಟ್ಟೋ ಕೂಸಿಗೆ ನೀರೆರೆಯೋರು ಯಾರು ಅನ್ನೋದೊಂದು ಮಾತ್ರ ವಿಜಯನಗರದ ಆ ಎರಡನೇ ಮಹಡಿಯ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ.

ಕಲ್ಯಾಣಮ್ಮನನ್ನು ಕೇಳಿದರೆ ಅದು ಇತ್ಯರ್ಥವಾಗಬೇಕಾದ ಮಾತೇ ಅಲ್ಲ. ಸೊಸೆ ರಕ್ಷಾಗೆ ತಾಯಿ ಇಲ್ಲ, ತೌರಿಗೆ ಹೋದರೆ ಬಾಣಂತನ ಮಾಡೋರಿಲ್ಲ. ಇಲ್ಲಿ ಅತ್ತೆ ಇದ್ದಾಳೆ. ಹರಿಹರದಿಂದ ಗಂಡನ ಹಿಂದೆ ಬಂದು ಮೂವತ್ತೈದು ವರ್ಷ ಇದೇ ಬೀದಿಯಲ್ಲಿ ಸವೆಸಿದ ಅತ್ತೆ. ಅಕ್ಕಪಕ್ಕದ ಮನೆಗಳ ಹನ್ನೊಂದು ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದ ಅತ್ತೆ. ಆ ಹನ್ನೊಂದರಲ್ಲಿ ಒಬ್ಬನಿಗೆ ಈಗ ಮೀಸೆ ಬಂದಿದೆ, ದಾರಿಯಲ್ಲಿ ಸಿಕ್ಕರೆ ನಾಚಿಕೊಂಡು ತಲೆ ತಗ್ಗಿಸಿ ಹೋಗುತ್ತಾನೆ. ಇಷ್ಟಿದ್ದೂ ರಕ್ಷಾ ಏನನ್ನುತ್ತಾಳೆ? "ನೋಡೋಣ ಬಿಡಿ ಅತ್ತೆ."

ಸೊಸೆಯಂದಿರ ಬಾಯಲ್ಲಿ 'ನೋಡೋಣ' ಅಂದರೆ ಏನು ಅಂತ ಕಲ್ಯಾಣಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನೂ ಒಂದು ಕಾಲಕ್ಕೆ ಸೊಸೆಯೇ.

"ಎಣ್ಣೆ-ನೀರು ಪರವಾಗಿಲ್ಲ ಅಂದ್ರು ಡಾಕ್ಟರು. ಹೊಗೆ ಮಾತ್ರ ಬೇಡ್ವಂತೆ," ಅಂದಿದ್ದಳು ರಕ್ಷಾ.

"ಹೊಗೆ ಹಾಕ್ದೆ ಎರೆದ್ರೆ ಅದು ನೀರೆರೆದಂಗಾ? ಒದ್ದೆ ತಲೇಲೇ ಮಲಗಿಸ್ತೀಯಾ ಕೂಸನ್ನ? ನಿನ್ನ ಗಂಡ ಗಿರಿರಾಜನಿಗೆ ಮೂರು ತಿಂಗಳು ಬಿಡದೇ ಹಾಕಿದೀನಿ. ಏನಾಗಿದೆ ಅವನಿಗೆ?"

"ಇವತ್ತಿಗೂ ಸ್ನಾನ ಅಂದ್ರೆ ಓಡ್ಹೋಗ್ತಾರಲ್ಲ, ಅದೇ ಇರ್ಬೇಕು," ಅಂದು ಹುಡುಗಿ ನಕ್ಕಿದ್ದಳು. ಕಲ್ಯಾಣಮ್ಮನೂ ನಕ್ಕಳು, ಆದರೆ ಮಾತು ಒಳಗೆ ಮುಳ್ಳಾಗಿ ಉಳಿಯಿತು.

ಡಿಸೆಂಬರಿನ ಆ ಮಂಗಳವಾರ ಬೆಳಿಗ್ಗೆ ಮಂಡಕ್ಕಿ ಗೇಟಿನಾಚೆ ಓಡಿ, ರಸ್ತೆ ಅಗೆದು ಬಿಟ್ಟಿದ್ದ ಮೋರಿಗೆ ಬಿತ್ತು. ಮಂಡಕ್ಕಿ ಅಂದರೆ ನಾಯಿ. ರಕ್ಷಾ ಮದುವೆಗೆ ಮುಂಚಿನಿಂದ ಸಾಕಿದ್ದು. ಮೊಣಕೈ ಉದ್ದದ ಮೈ, ನೆಲ ಗುಡಿಸುವಷ್ಟು ಕೂದಲು, ಚಪ್ಪಟೆ ಮೂಗು. ಮೊದಲು ಅದಕ್ಕೇನೋ ಇಂಗ್ಲಿಷ್ ಹೆಸರಿತ್ತು. ಬೆಳ್ಳಗೆ ಉಬ್ಬಿಕೊಂಡಿರೋದನ್ನ ನೋಡಿ ಗಿರಿರಾಜ್ ಮಂಡಕ್ಕಿ ಅಂದ, ಅದೇ ನಿಂತಿತು. ಭಾನುವಾರ ಭಾನುವಾರ ಸ್ನಾನ ಮಾಡಿಸಿ, ರಕ್ಷಾ ಹಿಡಿದುಕೊಂಡರೆ ಗಿರಿರಾಜ್ ಕೂದಲ ಮೆಷಿನ್ ಹಿಡಿದು ಬುಡದ ತನಕ ಒಣಗಿಸುತ್ತಿದ್ದ. ಈಗ ರಕ್ಷಾಗೆ ಬಗ್ಗಲಾಗದು. ಗಿರಿರಾಜ್ ಮೆಟ್ರೋದಲ್ಲಿ ಟ್ರೈನ್ ಓಡಿಸುವವನು, ಡ್ಯೂಟಿಗೆ ಹತ್ತಿದರೆ ಫೋನು ಲಾಕರಿನಲ್ಲಿ.

ಮೋರಿಯಿಂದೆದ್ದು ಬಂದ ನಾಯಿ ಬಾಗಿಲಲ್ಲಿ ನಿಂತು ಮೈ ಕೊಡವಿತು. ಗೋಡೆಗೆಲ್ಲ ಕರಿ ಚುಕ್ಕೆ.

"ಅಯ್ಯೋ ನಿನ್ನ!" ಅಂತ ರಕ್ಷಾ ಮೂಗು ಮುಚ್ಚಿಕೊಂಡಳು. "ನಾಯಿ ಸ್ನಾನದ ಅಂಗಡಿಗೆ ಫೋನ್ ಮಾಡ್ತೀನಿ ಅತ್ತೆ, ಅವರೇ ಬಂದು ತೊಳ್ಕೊಡ್ತಾರೆ."

"ಯಾಕೆ, ನನ್ನ ಕೈಗೇನಾಗಿದೆ?" ಅಂದಳು ಕಲ್ಯಾಣಮ್ಮ. ಅಂದ ಮೇಲೆ ಅವಳಿಗೇ ಆ ಯೋಚನೆ ಹೊಳೆದದ್ದು. ಬಾಯಲ್ಲಿ ಹೇಳಿದರೆ ನಂಬದವಳಿಗೆ ಕಣ್ಣಲ್ಲಿ ತೋರಿಸಿಬಿಡೋಣ. "ಕೂತ್ಕೋ ಅಲ್ಲಿ ಸ್ಟೂಲ್ ಮೇಲೆ. ಬರೀ ನೋಡು. ನಾಳೆ ನಿನ್ನ ಕೂಸಿಗೂ ಹೀಗೇ."

ನಿಜ ಹೇಳಬೇಕೆಂದರೆ, ಆ ಸ್ನಾನ ನೋಡುವಂತೆಯೇ ಇತ್ತು. ಕಲ್ಯಾಣಮ್ಮ ಸೀರೆ ಎತ್ತಿ ಕಟ್ಟಿ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ನಾಯಿಯನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿದಳು. ಕಿವಿಗೆ ನೀರು ಹೋಗದಂತೆ ಎಡಗೈ ಅಡ್ಡ ಹಿಡಿದು ಧಾರೆಯಾಗಿ ಎರೆದಳು. ಗಿರಿರಾಜನ ಕೈಯಲ್ಲಿ ಬಚ್ಚಲೆಲ್ಲ ರಂಪ ಮಾಡುತ್ತಿದ್ದ ಮಂಡಕ್ಕಿ ಉಸಿರೆತ್ತದೆ ಎರೆಸಿಕೊಂಡಿತು.

"ಏನತ್ತೆ ಇದು! ನಮ್ಮ ಕೈಗೆ ಕಚ್ಚೋಕೆ ಬರುತ್ತೆ," ಅಂದಳು ರಕ್ಷಾ. ಆ ದನಿಯಲ್ಲಿ ಮೊದಲ ಸಲ ಸೋಲು ಕೇಳಿಸಿತು. ಕಲ್ಯಾಣಮ್ಮನ ಎದೆ ಒಂದು ಗೇಣು ಅಗಲವಾಯಿತು.

ಒರೆಸಿದಷ್ಟೂ ಕೂದಲು ಒದ್ದೆಯೇ. ಮೆಷಿನ್ ತರಲಾ ಅಂದರೆ, ಅದರ ಸದ್ದಿಗೆ ನಾಯಿ ಮಂಚದ ಕೆಳಗೆ ಸೇರುತ್ತದೆ ಅಂತ ಕಲ್ಯಾಣಮ್ಮನೇ ಬೇಡವೆಂದಳು. ಹೊರಗೆ ಮೋಡ, ಚಳಿ, ನಾಯಿಗೆ ನಡುಕ. ಅಟ್ಟದ ಮೇಲಿಂದ ಅಗ್ಗಿಷ್ಟಿಕೆ ಇಳಿಯಿತು. ಗ್ಯಾಸಿನ ಉರಿಯಲ್ಲಿ ಇದ್ದಿಲು ಕೆಂಪಾಯಿತು. ಬಾಣಂತಿಗೆಂದು ಅಣಿ ಮಾಡಿದ್ದ ಚಿಕ್ಕ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ಪಕ್ಕದಲ್ಲಿ ಹಳೇ ಸೀರೆಯ ಹಾಸಿಗೆ ಮಾಡಿ ಮಂಡಕ್ಕಿಯನ್ನು ಮಲಗಿಸಿದಳು. ಅದರ ಉದ್ದ ಕೂದಲನ್ನು ಹೆಣ್ಣುಮಗಳ ಜಡೆಯ ಹಾಗೆ ಎಳೆ ಎಳೆಯಾಗಿ ಬಿಡಿಸಿ ಹೊಗೆಗೆ ಒಡ್ಡಿದಳು.

ರಕ್ಷಾಗೆ ಕೆಮ್ಮು ಬಂತು. "ಕಿಟಕಿ ತೆಗೀಲಾ ಅತ್ತೆ?"

"ಗಾಳಿ ಸೋಕಿದ್ರೆ ತಂಡಿ ಆಗುತ್ತೆ ಕಣೇ. ನೀನು ಹೋಗಿ ಹಾಲಲ್ಲಿ ಕೂತ್ಕೋ."

ಕಿಟಕಿ ಅಂದರೆ ಧೂಳು-ಸೊಳ್ಳೆ ಬಾರದಿರಲಿ ಅಂತ ಹೋದ ವರ್ಷ ಗಿರಿರಾಜ್ ಹಾಕಿಸಿದ ಬಿಳಿ ಪ್ಲಾಸ್ಟಿಕ್ ಚೌಕಟ್ಟಿನ ಜಾರು ಕಿಟಕಿ. ಮುಚ್ಚಿದರೆ ರಸ್ತೆಯ ಹಾರ್ನು ಕೂಡ ಒಳಗೆ ಬಾರದು. ಹತ್ತು ನಿಮಿಷಕ್ಕೆ ಮಂಡಕ್ಕಿಯ ನಡುಕ ನಿಂತಿತು. ಇನ್ನಷ್ಟು ಹೊತ್ತಿಗೆ ಕಣ್ಣು ಮುಚ್ಚಿತು. ಕಲ್ಯಾಣಮ್ಮ ಬಾಗಿಲಲ್ಲಿ ನಿಂತು ಸೊಸೆಯನ್ನು ಕೈಸನ್ನೆಯಲ್ಲಿ ಕರೆದು ತೋರಿಸಿದಳು. "ನೋಡು. ಎಷ್ಟು ಸುಖವಾಗಿ ಮಲಗಿದೆ. ಕೂಸೂ ಹಿಂಗೇ, ಹೊಗೆ ಹಾಕಿದ್ರೆ ಎರಡು ತಾಸು ಅಲ್ಲಾಡಲ್ಲ."

ಬಾಗಿಲು ಮುಂದೆ ಮಾಡಿ, ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ತಲೆ ಸ್ವಲ್ಪ ಭಾರವೆನಿಸಿತು, ಹೊಟ್ಟೆ ಹಸಿದಿರಬೇಕು ಅಂದುಕೊಂಡಳು. ಸಾರು ಕುದಿಸಿ, ಒಗ್ಗರಣೆ ಹಾಕಿ, ಸೊಸೆಯ ಹತ್ತಿರ ಕೂತು ನಾಮಕರಣಕ್ಕೆ ಯಾರು ಯಾರನ್ನ ಕರೆಯೋದು ಅಂತ ಮಾತಾಡಿ, ಮುಕ್ಕಾಲು ಗಂಟೆಯ ಮೇಲೆ ಕೋಣೆಯ ಬಾಗಿಲು ತೆಗೆದಳು.

ಮಂಡಕ್ಕಿ ಮಲಗಿದಲ್ಲೇ ಮಲಗಿತ್ತು. ಬಾಯಿಯ ಹತ್ತಿರ ಸೀರೆಯ ಮೇಲೆ ಹಳದಿ ವಾಂತಿ. "ಏಳೋ ರಾಜಾ," ಅಂತ ಬೆನ್ನು ತಟ್ಟಿದಳು. ತಟ್ಟಿದಷ್ಟಕ್ಕೆ ತಲೆ ಒಂದು ಕಡೆಗೆ ಜೋತುಬಿತ್ತು. ಎತ್ತಿದರೆ ನಾಲ್ಕು ಕಾಲೂ ಒದ್ದೆ ಬಟ್ಟೆಯ ಹಾಗೆ ನೇತಾಡಿದವು.

"ರಕ್ಷಾ..." ಅಂದಳು. ಇನ್ನೊಂದು ಸಲ ಕೂಗಿದಳು.

ರಕ್ಷಾ ಬಂದು ನೋಡಿದವಳು ಕಿರುಚಲಿಲ್ಲ. ಅದಕ್ಕೇ ಕಲ್ಯಾಣಮ್ಮನಿಗೆ ಹೆಚ್ಚು ಭಯವಾದದ್ದು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ನಾಯಿಯ ಎದೆಗೆ ಕೈ ಇಟ್ಟು, "ಉಸಿರಿದೆ. ನಡೀರಿ," ಅಂದಳು, ಅಷ್ಟೇ. ಒಲೆ ಆರಿಸಿದರು, ಚಪ್ಪಲಿ ಮೆಟ್ಟಿದರೋ ಇಲ್ಲವೋ. ಕಲ್ಯಾಣಮ್ಮ ನಾಯಿಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು, ಮುಂದೆ ರಕ್ಷಾ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದು ಎರಡು ಮಹಡಿ ಇಳಿದಳು.

ಆಟೋದವನು ಆ ಹೊಟ್ಟೆ ನೋಡಿ ಕೇಳುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿದ. "ಹತ್ತಿ ಅಕ್ಕ, ಹತ್ತಿ. ಯಾವ ಆಸ್ಪತ್ರೆ?"

"ನಾಯಿ ಆಸ್ಪತ್ರೆ. ಅತ್ತಿಗುಪ್ಪೆ."

ಅವನು ಹಿಂದೆ ತಿರುಗಿ ನೋಡಿದ. ಸೆರಗಿನೊಳಗಿಂದ ಇಳಿಬಿದ್ದಿದ್ದ ಬಿಳಿ ಕಾಲು ನೋಡಿದ. ಸಿಗ್ನಲ್ ಹಾರಿಸಿಕೊಂಡು ಹೋದ.

ಡಾಕ್ಟರ್ ದಿವ್ಯ ಅಂದರೆ ರಕ್ಷಾ ವಯಸ್ಸಿನ ಹುಡುಗಿ. ಮೇಜಿನ ಮೇಲೆ ಮಲಗಿಸಿ, ಮೂತಿಗೆ ಆಕ್ಸಿಜನ್ ಮುಖವಾಡ ಹಿಡಿದು, ತುಟಿ ಮಡಿಚಿ ನೋಡಿದಳು. ಒಸಡು ಕೆಂಪು ಅಂದರೆ ಕೆಂಪು, ಆಗಷ್ಟೇ ಎಲೆ-ಅಡಿಕೆ ಹಾಕಿಕೊಂಡ ಹಾಗೆ.

"ರೂಮಲ್ಲಿ ಏನು ಉರೀತಿತ್ತು?"

ಅತ್ತೆ ಸೊಸೆ ಮುಖ ನೋಡಿಕೊಂಡರು. "ಏನೂ ಉರೀತಿರಲಿಲ್ಲ," ಅಂದಳು ಕಲ್ಯಾಣಮ್ಮ. "ಬರೀ ಕೆಂಡ. ಸಾಂಬ್ರಾಣಿ ಹೊಗೆ. ಮೈ ಒಣಗಲಿ ಅಂತ."

"ಕಿಟಕಿ ತೆಗೆದಿತ್ತಾ?"

"ಇಲ್ಲ."

ಡಾಕ್ಟರು ಬೈಯಲಿಲ್ಲ. "ಅಮ್ಮ, ವಾಸನೆ ಇರೋದು ಸಾಂಬ್ರಾಣಿಗೆ. ಕೆಂಡದಿಂದ ಬೇರೊಂದು ಗಾಳಿ ಬರುತ್ತೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೇಲಿ ತುಂಬ್ಕೊಳ್ಳುತ್ತೆ. ಉಸಿರಾಡಿದ್ರೆ ಮೊದಲು ನಿದ್ದೆ ಬಂದಂಗಾಗುತ್ತೆ. ಅದು ನಿದ್ದೆ ಅಲ್ಲ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ರೆ ಮುಗೀತಿತ್ತು." ಆಮೇಲೆ ರಕ್ಷಾ ಕಡೆ ತಿರುಗಿ, "ನೀವೂ ಅದೇ ರೂಮಲ್ಲಿ ಇದ್ರಾ?" ಅಂದಳು.

"ಐದು ನಿಮಿಷ. ಕೆಮ್ಮು ಬಂತು, ಎದ್ದು ಬಂದೆ."

"ತಲೆನೋವು, ವಾಂತಿ ಏನಾದ್ರೂ? ಮಗು ಓಡಾಡ್ತಿದೆಯಾ?"

"ಇಲ್ಲ. ಹೂಂ, ಒದೀತಿದೆ."

"ಆದ್ರೂ ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ, ಒಂದ್ಸಲ ತೋರಿಸ್ಕೊಂಡು ಬನ್ನಿ."

ಕಲ್ಯಾಣಮ್ಮ ಗೋಡೆ ಹಿಡಿದುಕೊಂಡಳು. ಕೇಳಬಾರದು ಅನ್ನಿಸಿದ್ದನ್ನೇ ಕೇಳಿದಳು. "ಹಂಗೆ ಸತ್ತರೆ... ನೋಡೋಕೆ ಹೆಂಗಿರುತ್ತೆ ಡಾಕ್ಟ್ರೇ? ಮನುಷ್ಯರು?"

"ಮನುಷ್ಯರೂ ಹೀಗೇ. ಎಷ್ಟೋ ಸಲ ಮುಖ, ತುಟಿ ಗುಲಾಬಿ ಬಣ್ಣಕ್ಕೆ ಇರುತ್ತೆ. ಮಲಗಿರೋ ಹಾಗೇ ಕಾಣುತ್ತೆ. ಯಾಕೆ ಅಮ್ಮ?"

ಕಲ್ಯಾಣಮ್ಮ ಗೋಡೆಗೆ ಬೆನ್ನು ಹಚ್ಚಿ ಹಾಗೇ ಜಾರಿ, ಆಸ್ಪತ್ರೆಯ ನೆಲದ ಮೇಲೆ, ಇನ್ಯಾರದೋ ನಾಯಿಯ ಪಕ್ಕದಲ್ಲಿ ಕೂತುಬಿಟ್ಟಳು.

ಗಿರಿರಾಜನಿಗಿಂತ ಮುಂಚೆ ಒಂದು ಹೆಣ್ಣುಕೂಸು ಹುಟ್ಟಿತ್ತು. ಅವನಿಗೇ ಗೊತ್ತಿಲ್ಲ. ಮೂವತ್ತೊಂಬತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಅದರ ಮಾತೆತ್ತಿಲ್ಲ. ಹರಿಹರದಲ್ಲಿ, ಆಷಾಢದ ಜಡಿಮಳೆಯಲ್ಲಿ. ಕಲ್ಯಾಣಮ್ಮನಿಗೆ ಇಪ್ಪತ್ತು ವರ್ಷ, ಕೂಸಿಗೆ ಹದಿನಾರು ದಿನ. ಅವಳ ಅವ್ವ ಕೂಸಿಗೆ ಎರೆದು, ಹೊಗೆ ಹಾಕಿ, ಕೆಂಡದ ಬೋಗುಣಿಯನ್ನು ತೊಟ್ಟಿಲ ಕೆಳಗಿಟ್ಟು, ಇರಚಲು ಬಾರದ ಹಾಗೆ ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲು ಹಾಕಿ ಬಂದಿದ್ದಳು. ಬಾಣಂತಿಗೆ ಪಕ್ಕದ ಕೋಣೆಯಲ್ಲಿ ಎರೆಯುತ್ತಿದ್ದರು. ತಲೆ ಒರೆಸಿಕೊಂಡು ಬಂದು ನೋಡಿದರೆ ಕೂಸು ಎದ್ದಿರಲಿಲ್ಲ. ಕೆನ್ನೆ ಗುಲಾಬಿ ದಳದ ಹಾಗೆ. ಸಾವು ಅಂದರೆ ಬಿಳಿಚಿಕೊಳ್ಳಬೇಕು, ಕಪ್ಪಿಡಬೇಕು. ಇದು ಬದುಕಿದ್ದಾಗಿನಕ್ಕಿಂತ ಚೆಂದ ಕಾಣುತ್ತಿತ್ತು. ಇದು ದೃಷ್ಟಿಯಲ್ಲದೆ ಇನ್ನೇನು ಅಂದರು ಎಲ್ಲರೂ.

ಯಾರ ದೃಷ್ಟಿ ಅನ್ನೋದಕ್ಕೂ ದೂರ ಹೋಗಬೇಕಾಗಲಿಲ್ಲ. ಅವತ್ತು ಬೆಳಿಗ್ಗೆ ತಾನೆ ಓರಗಿತ್ತಿ ಹಾಲಮ್ಮ, ಅಂದರೆ ಭಾವ ಗುರುಬಸಪ್ಪನ ಹೆಂಡತಿ, ಮಳೆಯಲ್ಲಿ ನೆನೆದುಕೊಂಡು ಕೂಸನ್ನು ನೋಡಲು ಬಂದಿದ್ದಳು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ತಾನೇ ಹೊಲಿದ ಕುಲಾವಿಯನ್ನು ಕೂಸಿನ ತಲೆಗೆ ಹಾಕಿ, "ಎಷ್ಟು ಚೆಂದ ಐತೆ ಕೂಸು," ಅಂದಿದ್ದಳು. ಆ ನಾಲ್ಕು ಮಾತು ಸಾಕಾಯಿತು. ಅಂಗಳದಲ್ಲಿ ಹತ್ತು ಜನರ ನಡುವೆ ಕಲ್ಯಾಣಮ್ಮನೇ ಬೆರಳು ತೋರಿಸಿದಳು. "ನೀನೇ ತಿಂದೆ," ಅಂದಳು. ಹಾಲಮ್ಮ ಇಲ್ಲ ಅನ್ನಲಿಲ್ಲ, ಅಳಲಿಲ್ಲ, ಮಳೆಯಲ್ಲೇ ಇಳಿದು ಹೋದಳು. ಒಲೆ ಬೇರೆಯಾಯಿತು, ಮನೆ ಬೇರೆಯಾಯಿತು. ಆ ವಂಶದ ಯಾವ ತೊಟ್ಟಿಲಿಗೂ ಅವಳನ್ನು ಕರೆಯಲಿಲ್ಲ. ಗಿರಿರಾಜನ ನಾಮಕರಣಕ್ಕೆ ಇಲ್ಲ, ಮದುವೆಗೂ ಇಲ್ಲ.

ಕೆಂಡವನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಅದೇ ಕೆಂಡವನ್ನು ಕಲ್ಯಾಣಮ್ಮ ಗಿರಿರಾಜನಿಗೆ ಇಟ್ಟಳು, ಬೀದಿಯ ಹನ್ನೊಂದು ಕೂಸುಗಳಿಗೆ ಇಟ್ಟಳು. ಅವೆಲ್ಲ ಉಳಿದದ್ದು ತನ್ನ ಕೈಗುಣದಿಂದ ಅಂತ ಮೆರೆದಳು. ಈಗ ನೆಲದ ಮೇಲೆ ಕೂತು ಒಂದೊಂದೇ ಮನೆ ನೆನೆಸಿಕೊಂಡಳು. ಒಂದರ ಮೇಲೆ ಹೆಂಚು, ಒಂದಕ್ಕೆ ಜಾಲರಿ ಗೋಡೆ, ಒಂದರಲ್ಲಿ ಬಾಗಿಲೇ ಸರಿಯಾಗಿ ಮುಚ್ಚುತ್ತಿರಲಿಲ್ಲ. ಉಳಿಸಿದ್ದು ಕೈಯಲ್ಲ, ಸಂದುಗೊಂದು.

"ಅತ್ತೆ!" ರಕ್ಷಾ ಕೂಗುತ್ತಿದ್ದಳು. "ಅತ್ತೆ, ನೋಡಿ, ಕಿವಿ ಅಲ್ಲಾಡಿಸ್ತು!"

ಎರಡು ಗಂಟೆ ಹಿಡಿಯಿತು ಮಂಡಕ್ಕಿ ತಲೆ ಎತ್ತಲು. ಹೊರಡುವಾಗ ಡಾಕ್ಟರು, "ಕೂದಲಿನ ಬುಡ ಇನ್ನೂ ಒದ್ದೆ ಇದೆ. ಟವೆಲಲ್ಲಿ ಒತ್ತಿ ಒತ್ತಿ ತೆಗೀರಿ. ಫ್ಯಾನು, ತೆರೆದ ಗಾಳಿ. ಬಿಸಿ ಏನೂ ಬೇಡ," ಅಂದಳು. ಅಲ್ಲಿಂದ ನೇರ ರಕ್ಷಾಳ ಹೆರಿಗೆ ಡಾಕ್ಟರ ಹತ್ತಿರ ಹೋದರು. ಮಗುವಿನ ಎದೆಬಡಿತ ಸರಿಯಾಗಿದೆ ಅನ್ನಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಮೋಡ ಸರಿದು ಸಂಜೆಯ ಬಿಸಿಲು ಬಿದ್ದಿತ್ತು.

ತಾರಸಿಯ ಮೇಲೆ ಚಾಪೆ ಹಾಸಿ ನಾಯಿಯನ್ನು ಮಲಗಿಸಿದ್ದಾಯಿತು. ರಕ್ಷಾ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಟವೆಲ್ ನೀಡಿದಳು. ಕಲ್ಯಾಣಮ್ಮ ಕೈ ಮುಂದೆ ಮಾಡಲಿಲ್ಲ.

"ನಾನು ಮುಟ್ಟಲ್ಲ. ಗಿರಿ ಬಂದು ಒರೆಸ್ಲಿ."

"ಅವ್ರು ಬರೋದು ಒಂಬತ್ತಕ್ಕೆ. ನಂಗೆ ಬಗ್ಗೋಕಾಗಲ್ಲ. ನಡುಗ್ತಿದೆ ನೋಡಿ."

ಕೈ ತಾನಾಗಿ ಟವೆಲ್ ತೆಗೆದುಕೊಂಡಿತು. ಹೊಟ್ಟೆಯ ಕೂದಲನ್ನು ಹಿಡಿಹಿಡಿಯಾಗಿ ಒತ್ತುತ್ತ, ತಲೆ ಎತ್ತದೆ, ಕಲ್ಯಾಣಮ್ಮ ಎಲ್ಲ ಹೇಳಿದಳು. ಆಷಾಢ, ಗೋಣಿಚೀಲ, ಗುಲಾಬಿ ಕೆನ್ನೆ, ಹಾಲಮ್ಮ, ತಾನು ತೋರಿಸಿದ ಬೆರಳು. ಹೇಳಿ ಮುಗಿಸಿ, "ನಿನ್ನ ಕೂಸಿಗೆ ನಾನು ಎರೆಯಲ್ಲ ತಾಯಿ. ಯಾರನ್ನಾದ್ರೂ ಗೊತ್ತು ಮಾಡ್ಕೋ," ಅಂದಳು.

ರಕ್ಷಾಳ ಕಣ್ಣಲ್ಲಿ ಕೋಪವಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ಅವರಿದಾರಾ? ಹಾಲಮ್ಮನವರು?"

"ಇದಾಳೆ. ಹರಿಹರದಲ್ಲೇ. ಭಾವನೋರು ಹೋದ್ರು, ಒಬ್ಬಳೇ ಇದಾಳೆ."

"ಅವರಿಗೆ ಹೇಳಿ."

"ಏನಂತ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ?"

"ಬೈದ ಬಾಯಲ್ಲೇ." ರಕ್ಷಾ ಸ್ಟೂಲಿನಿಂದ ಕಷ್ಟಪಟ್ಟು ಎದ್ದು ನಿಂತಳು. "ಅತ್ತೆ, ಬೆಳಿಗ್ಗೆ ನಿಮ್ಮ ಕೈ ನೋಡಿದೀನಿ. ನೀವೇ ಎರೀಬೇಕು ಅಂತ ಆಗ್ಲೇ ಅಂದ್ಕೊಂಡಿದ್ದೆ. ಕೆಂಡ ಒಳಗೆ ಬರಲ್ಲ, ಅದು ಮುಗೀತು. ಆದ್ರೆ ಆಯಮ್ಮನ್ನ ಕರೀದೇ ನನ್ನ ಮಗುಗೆ ನೀವು ಎರೆಯೋದು ಬೇಡ. ಮೊದ್ಲು ಅವರು ಬಂದು ಮಗು ನೋಡ್ಲಿ. ಆಮೇಲೆ ನೀರು."

ಈ ಹುಡುಗಿ ಇಷ್ಟು ಗಟ್ಟಿ ಅಂತ ಕಲ್ಯಾಣಮ್ಮನಿಗೆ ಇಲ್ಲೀವರೆಗೆ ಗೊತ್ತಿರಲಿಲ್ಲ. ನಾದಿನಿಗೆ ಫೋನ್ ಮಾಡಿ ನಂಬರು ಕೇಳಿದಳು. ಯಾಕೆ ಅಂತ ನಾದಿನಿ ಮೂರು ಸಲ ಕೇಳಿದಳು. ನಂಬರು ಒತ್ತುವಾಗ ನಾಯಿಕೂದಲು ಬೆರಳಿಗೆಲ್ಲ ಅಂಟಿಕೊಂಡಿತ್ತು. ಆ ಕಡೆ ಎತ್ತಿದರು.

"ಅಕ್ಕಾ. ನಾನು... ಕಲ್ಯಾಣಿ."

ಉಸಿರಿನ ಸದ್ದು. ಆಮೇಲೆ ಸಣ್ಣಗಾದ, ಮುದಿಯಾದ ಒಂದು ದನಿ. "ಯಾರು ತೀರಿಕಂಡ್ರು?"

"ಯಾರೂ ಇಲ್ಲ ಅಕ್ಕ. ಎಲ್ಲ ಚೆನ್ನಾಗಿದಾರೆ." ಬೇರೆ ಪೀಠಿಕೆ ಹೊಳೆಯಲಿಲ್ಲ. ನಾಯಿ, ಕೆಂಡ, ಡಾಕ್ಟರು ಅಂದದ್ದು, ಒಂದರ ಮೇಲೊಂದು ಬಿದ್ದವು. "ನೀನಲ್ಲ ಅಕ್ಕ. ಕೆಂಡ. ನಮ್ಮವ್ವ ಇಟ್ಟ ಕೆಂಡ."

ಲೈನು ಹೋಯಿತೇನೋ ಅಂತ ಕಲ್ಯಾಣಮ್ಮ ಫೋನು ನೋಡಿದಳು. ಹೋಗಿರಲಿಲ್ಲ.

"ನಾನೇ ತಿಂದೆ ಅಂದ್ಕಂಡಿದ್ದೆ," ಅಂದಳು ಹಾಲಮ್ಮ. "ನನಗೂ ಹಂಗೇ ಅನ್ನಿಸಿತ್ತು. ಆವತ್ತಿಂದ ಯಾರ ಕೂಸನ್ನೂ ಮುಖ ಎತ್ತಿ ನೋಡಿಲ್ಲ. ಬಸ್ಸಿನಾಗೆ ಯಾರಾದ್ರೂ ಕೂಸು ಎತ್ಗಂಡು ಪಕ್ಕಕ್ಕೆ ಕುಂತ್ರೆ ಎದ್ದು ನಿಂತ್ಕಂತೀನಿ."

ಕಲ್ಯಾಣಮ್ಮನಿಗೆ ಇದು ಮಾತ್ರ ತಡೆಯಲಾಗಲಿಲ್ಲ. ಅವಳು ಶಾಪಕ್ಕೆ ಸಿದ್ಧಳಾಗಿದ್ದಳು, ಇಡು ಫೋನು ಅನ್ನೋದಕ್ಕೂ ಸಿದ್ಧಳಾಗಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಇನ್ನೊಂದ್ಸಲ ಹೇಳು," ಅಂತು ಆ ದನಿ. "ಆ ಡಾಕ್ಟ್ರು ಏನಂದ್ರು, ಸಾವಕಾಶ ಹೇಳು."

ಕಲ್ಯಾಣಮ್ಮ ಮೊದಲಿಂದ ಹೇಳಿದಳು. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂಗಾಗುತ್ತೆ, ಕೆನ್ನೆ ಕೆಂಪಗಾಗುತ್ತೆ. ಹಾಲಮ್ಮ ನಡುನಡುವೆ ಹೂಂ ಅನ್ನುತ್ತಿದ್ದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಹೂಂ ಅನ್ನುತ್ತಲೇ ಇದ್ದಳು.

"ಗಿರಿ ಹೆಂಡ್ತಿ ಬಸುರಿ ಅಕ್ಕ," ಅಂದಳು ಕಲ್ಯಾಣಮ್ಮ. "ಕೂಸು ನೋಡೋಕೆ ನೀನು ಬರಬೇಕಂತೆ. ನೀನು ಬಂದ ಮೇಲೇ ನಾನು ನೀರೆರೀಬೇಕಂತೆ. ಅವಳೇ ಹೇಳಿದ್ದು, ಇಲ್ಲೇ ನಿಂತಿದಾಳೆ."

ರಕ್ಷಾ ಕೈ ಚಾಚಿ ಸ್ಪೀಕರ್ ಒತ್ತಿದಳು.

"ಹೆರಿಗೆ ದಿನ ಯಾವಾಗ?" ಅಂದಳು ಹಾಲಮ್ಮ.